ನೀಲಿ ಫಲಕದಡಿ ಯಾರ ವಾಹನ? ವಿಕಲಚೇತನರ ನಿಲುಗಡೆಗೆ ಕಾನೂನಿದೆ, ಕಾವಲಿಲ್ಲ

ಆಲಂಕಾರು: ಆಸ್ಪತ್ರೆ, ವಾಣಿಜ್ಯ ಸಂಕೀರ್ಣ, ಸರ್ಕಾರಿ ಕಚೇರಿಗಳ ಮುಂದೆ ಗಾಲಿಕುರ್ಚಿಯ ಚಿತ್ರವಿರುವ ನೀಲಿ ಫಲಕಗಳು ಈಗ ಅಪರೂಪದ ದೃಶ್ಯವಲ್ಲ. ಆ ಫಲಕದ ಅಡಿಯಲ್ಲಿ ನಿಂತಿರುವ ವಾಹನ ಯಾರದ್ದೆಂದು ವಿಚಾರಿಸುವವರು ಮಾತ್ರ ಅಪರೂಪ. ‘ಐದು ನಿಮಿಷದ ಕೆಲಸ’ ಎಂದು ಕಾರು ನಿಲ್ಲಿಸಿ ಹೋಗುವವರು, ಜಾಗ ಖಾಲಿಯಿದೆಯೆಂದು ಸಾಲಾಗಿ ಬೈಕ್ ಇಡುವವರು, ಗಣ್ಯರ ವಾಹನಕ್ಕೆಂದು ಪ್ಲಾಸ್ಟಿಕ್ ಕೋನ್ ಇಟ್ಟು ಕಾಯುವ ಸಿಬ್ಬಂದಿ, ಎಲ್ಲರೂ ಸೇರಿ ಈ ತಾಣವನ್ನು ಸಾಮಾನ್ಯ ನಿಲುಗಡೆಯ ಹೆಚ್ಚುವರಿ ಭಾಗವನ್ನಾಗಿ ಮಾಡಿದ್ದಾರೆ.

ಮೇಲ್ನೋಟಕ್ಕೆ ಇದು ನಗರದ ಸಂಚಾರ ಶಿಸ್ತಿನ ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಉಪ್ಪಿನಂಗಡಿ–ಕಡಬ ಮಾರ್ಗದಲ್ಲಿರುವ ಆಲಂಕಾರಿನಂತಹ ಊರಿನಿಂದ ನೋಡಿದಾಗ ಅದರ ಗಾತ್ರ ಬದಲಾಗುತ್ತದೆ. ಇಲ್ಲಿನ ವಿಕಲಚೇತನರು ತಜ್ಞ ವೈದ್ಯರಿಗಾಗಿ ಪುತ್ತೂರಿಗೋ ಮಂಗಳೂರಿಗೋ ಹೋಗಬೇಕು, ತಾಲ್ಲೂಕು ಕಚೇರಿಯ ಕೆಲಸಕ್ಕೆ ಕಡಬಕ್ಕೆ ಹೋಗಬೇಕು. ಬಾಡಿಗೆ ವಾಹನ ಗೊತ್ತುಮಾಡಿ, ಮನೆಯ ಒಬ್ಬರ ದಿನಗೂಲಿ ಬಿಟ್ಟು, ಬಹುದೂರ ಸಾಗಿ ಬಂದವರಿಗೆ ಕಟ್ಟಡದ ಬಾಗಿಲಿನಿಂದ ಮೂವತ್ತು ಮೀಟರಿನ ಒಳಗಿರುವ ಆ ಒಂದು ಜಾಗ ದೊರೆಯದಿದ್ದರೆ ಇಡೀ ಪ್ರಯಾಣವೇ ವ್ಯರ್ಥವಾಗಬಹುದು.

ಅಗಲದ ಲೆಕ್ಕ

ಮೀಸಲು ತಾಣವೆಂದರೆ ಬಾಗಿಲಿಗೆ ಹತ್ತಿರವಿರುವ ಜಾಗ ಎಂಬುದಷ್ಟೇ ಜನಸಾಮಾನ್ಯರ ತಿಳಿವಳಿಕೆ. ಅದರ ನಿಜವಾದ ಮಹತ್ವ ಅಗಲದಲ್ಲಿದೆ. ಕಾರಿಗೆ ಸಾಮಾನ್ಯವಾಗಿ ಸುಮಾರು 2.5 ಮೀಟರ್ ಅಗಲದ ಜಾಗ ಸಾಕು. ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪ್ರಕಾರ ವಿಕಲಚೇತನರಿಗೆ ಕನಿಷ್ಠ ಎರಡು ಕಾರುಗಳ ನಿಲುಗಡೆಗೆ ಪ್ರವೇಶದ್ವಾರದ ಬಳಿ ಸ್ಥಳ ನೀಡಬೇಕು. ಅದು ಬಾಗಿಲಿನಿಂದ 30 ಮೀಟರಿಗಿಂತ ದೂರವಿರಬಾರದು. ಪ್ರತಿ ತಾಣದ ಅಗಲ ಕನಿಷ್ಠ 3.6 ಮೀಟರ್ ಇರಬೇಕು. ಸ್ಥಳ ಮೀಸಲೆಂಬುದನ್ನು ಎದ್ದುಕಾಣುವಂತೆ ತೋರಿಸಬೇಕು.

ಹೆಚ್ಚುವರಿಯಾಗಿರುವ ಸುಮಾರು ಒಂದು ಮೀಟರ್ ಔದಾರ್ಯದ ಅಳತೆಯಲ್ಲ. ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಅದರ ಪಕ್ಕಕ್ಕೆ ಗಾಲಿಕುರ್ಚಿ ತಂದು, ಕುಳಿತವರನ್ನು ಅದಕ್ಕೆ ದಾಟಿಸಲು ಬೇಕಾದ ಜಾಗ ಅದು. ಈ ಪಟ್ಟಿಯ ಮೇಲೆ ಒಂದು ಸ್ಕೂಟರ್ ನಿಂತರೂ ಸಾಕು, ಕಾರು ಒಳಬಂದರೂ ಕಾರಿನೊಳಗಿನವರು ಹೊರಬರಲಾರರು. ಇನ್ನೂ ಕಷ್ಟದ ಸಂಗತಿಯೆಂದರೆ, ಅವರು ಕೆಲಸ ಮುಗಿಸಿ ಮರಳುವಷ್ಟರಲ್ಲಿ ಯಾರಾದರೂ ಪಕ್ಕದಲ್ಲಿ ವಾಹನ ಒತ್ತಿ ನಿಲ್ಲಿಸಿದ್ದರೆ, ಆ ವಾಹನದ ಯಜಮಾನ ಬರುವವರೆಗೆ ಕಾಯದೆ ಗತ್ಯಂತರವಿಲ್ಲ. ಕರಾವಳಿಯ ಜೂನ್, ಜುಲೈ ಮಳೆಯಲ್ಲಿ ಆ ಕಾಯುವಿಕೆಯ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

‘ದಿನವಿಡೀ ಖಾಲಿಯಿರುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೇನು ನಷ್ಟ?’ ಎಂಬುದು ಚಾಲಕರ ಸಾಮಾನ್ಯ ಸಮರ್ಥನೆ. ಪೇಟೆಗಳಲ್ಲಿ ಜಾಗದ ಅಭಾವ ನಿಜ. ಆದರೆ ಸಾಮಾನ್ಯ ಚಾಲಕನಿಗೆ ಬೇರೆ ಕಡೆ ವಾಹನ ನಿಲ್ಲಿಸಿ ನಡೆದು ಬರುವ ಆಯ್ಕೆಯಿದೆ. ತಾಣ ಯಾರಿಗೆ ಮೀಸಲೋ ಅವರಿಗೆ ಆ ಆಯ್ಕೆಯಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಆಂಬುಲೆನ್ಸ್ ಸುಮ್ಮನೆ ನಿಂತಿದೆಯೆಂದು ಅದರಲ್ಲಿ ಸಾಮಾನು ಸಾಗಿಸುವುದಿಲ್ಲ. ಖಾಲಿಯಾಗಿರುವುದೇ ಮೀಸಲು ತಾಣದ ಕೆಲಸ.

ಸಣ್ಣ ಪೇಟೆಯ ಬೇರೆಯೇ ಚಿತ್ರ

ಗ್ರಾಮಾಂತರ ಪೇಟೆಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಅಲ್ಲಿ ನಿಲುಗಡೆಯೆಂದರೆ ಅಂಗಡಿಯ ಮುಂದಿನ ರಸ್ತೆಬದಿ. ಗೆರೆಯಿಲ್ಲದ ಕಡೆ ಗೆರೆ ದಾಟಿದ ತಪ್ಪೂ ಇಲ್ಲ. ಚರಂಡಿ ಮತ್ತು ಅಂಗಡಿ ಜಗಲಿಯ ನಡುವೆ ಉಳಿದ ಜಾಗ ಮೊದಲು ಬಂದವರ ಪಾಲು.

ಗ್ರಾಮೀಣ ವಿಕಲಚೇತನರಲ್ಲಿ ಸ್ವಂತ ಕಾರು ಉಳ್ಳವರು ಕಡಿಮೆ ಎಂಬುದೂ ಗಮನಾರ್ಹ. ಅವರ ವಾಹನವೆಂದರೆ ಬಹುಮಟ್ಟಿಗೆ ಹಿಂದೆ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್. ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಅರ್ಹರಿಗೆ ಯಂತ್ರಚಾಲಿತ ವಾಹನಗಳನ್ನು ವಿತರಿಸುತ್ತಾ ಬಂದಿದೆ. ಶಾಸಕರ ಮತ್ತು ಸಂಸದರ ನಿಧಿಯಿಂದಲೂ ಇವು ದೊರೆಯುವುದುಂಟು. ಈ ವಾಹನ ದ್ವಿಚಕ್ರ ವಾಹನಗಳ ಸಾಲಿನಲ್ಲಿ ಹಿಡಿಸದು, ಕಾರುಗಳ ಸಾಲಿನಲ್ಲಿ ನಿಲ್ಲಿಸಲು ಬಿಡರು. ಎರಡೂ ಬದಿಯಲ್ಲಿ ಬೈಕ್‌ಗಳು ಒತ್ತಿಕೊಂಡರೆ ಊರುಗೋಲು ಹಿಡಿದವರು ಅದನ್ನು ತಾವಾಗಿ ಹೊರಗೆಳೆಯಲಾರರು. ಸರ್ಕಾರ ವಾಹನ ಕೊಡುತ್ತದೆ, ಅದನ್ನು ನಿಲ್ಲಿಸುವ ಸ್ಥಳ ಕೊಡುವುದಿಲ್ಲ ಎಂಬ ವೈಪರೀತ್ಯ ಇಲ್ಲಿದೆ. ನಗರಗಳ ಮೀಸಲು ತಾಣಗಳೂ ಕಾರಿನ ಅಳತೆಯಲ್ಲೇ ಯೋಚಿಸಲ್ಪಟ್ಟಿರುವುದರಿಂದ ಈ ವರ್ಗ ಅಲ್ಲಿಯೂ ಲೆಕ್ಕಕ್ಕೆ ಬಂದಿಲ್ಲ.

ಆಲಂಕಾರು ಪರಿಸರದಲ್ಲಿ ಈ ಪ್ರಶ್ನೆಗೆ ಇನ್ನೊಂದು ಆಯಾಮವಿದೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ದುಷ್ಪರಿಣಾಮ ಪುತ್ತೂರು, ಬೆಳ್ತಂಗಡಿ, ಸುಳ್ಯ, ಬಂಟ್ವಾಳ ಸೀಮೆಯ ಅನೇಕ ಕುಟುಂಬಗಳ ಮೇಲೆ ಉಳಿದಿದೆ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಈ ಕೀಟನಾಶಕದ ಉತ್ಪಾದನೆ, ಮಾರಾಟ, ಬಳಕೆಗೆ ದೇಶಾದ್ಯಂತ ತಡೆ ನೀಡಿತು. ಆಲಂಕಾರಿಗೆ ಸಮೀಪದ ಕೊಯಿಲ ಹಾಗೂ ಬೆಳ್ತಂಗಡಿಯ ಕೊಕ್ಕಡದಲ್ಲಿ ಸಂತ್ರಸ್ತರಿಗಾಗಿ ಪಾಲನಾ ಕೇಂದ್ರಗಳು ಆರಂಭವಾದವು. ಸಂತ್ರಸ್ತರಲ್ಲಿ ಬಹುವಿಧ ವೈಕಲ್ಯ ಉಳ್ಳವರು, ಹಾಸಿಗೆ ಹಿಡಿದವರು ಇದ್ದಾರೆ. ಅವರು ವಾಹನ ಓಡಿಸುವುದಿಲ್ಲ. ತಂದೆಯೋ ತಾಯಿಯೋ ಎತ್ತಿಕೊಂಡು ಆಟೊದಲ್ಲೋ ಜೀಪಿನಲ್ಲೋ ಕರೆತರುತ್ತಾರೆ. ಚಿಕ್ಕಂದಿನಲ್ಲಿ ಹೆಗಲ ಮೇಲೆ ಸಾಗಿದ ಮಗು ಈಗ ಬೆಳೆದು ದೊಡ್ಡವರಾಗಿರುವಾಗ, ಎತ್ತುವ ಹೆತ್ತವರಿಗೆ ವಯಸ್ಸಾಗಿದೆ. ಅಂಥವರಿಗೆ ಆಸ್ಪತ್ರೆಯ ಬಾಗಿಲು ಎಷ್ಟು ಹೆಜ್ಜೆ ದೂರ ಎಂಬುದು ಸಣ್ಣ ಪ್ರಶ್ನೆಯಲ್ಲ.

ಕಾನೂನು ಏನೆನ್ನುತ್ತದೆ?

1995ರ ಕಾಯ್ದೆಯ ಸ್ಥಾನದಲ್ಲಿ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ–2016 ಜಾರಿಗೆ ಬಂದಿದ್ದು 2017ರ ಏಪ್ರಿಲ್ 19ರಂದು. ಅದು ವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ನಿಲುಗಡೆ ಸ್ಥಳವೂ ಸುಗಮ್ಯತೆಯ ಮಾನದಂಡಕ್ಕೆ ಅನುಗುಣವಾಗಿರಬೇಕೆಂದು 41ನೇ ಕಲಂ ಹೇಳುತ್ತದೆ. ನಿಯಮಗಳಿಗೆ ಒಪ್ಪದ ಕಟ್ಟಡಕ್ಕೆ ಪರವಾನಗಿಯನ್ನಾಗಲೀ ಪೂರ್ಣತಾ ಪತ್ರವನ್ನಾಗಲೀ ನೀಡುವಂತಿಲ್ಲ ಎಂಬುದು 44ನೇ ಕಲಂ. ಇದ್ದ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷಗಳೊಳಗೆ ಸರಿಪಡಿಸಬೇಕೆಂದು 45ನೇ ಕಲಂ ವಿಧಿಸಿತು. ನಿಯಮಾವಳಿ 2017ರ ಜೂನ್‌ನಲ್ಲಿ ಪ್ರಕಟವಾದುದರಿಂದ ಆ ಗಡುವು 2022ರಲ್ಲೇ ಮುಗಿದಿದೆ.

ಕಾಯ್ದೆಯ ಉಲ್ಲಂಘನೆಗೆ 89ನೇ ಕಲಮಿನಡಿ ಮೊದಲ ಬಾರಿ 10 ಸಾವಿರ ರೂ.ವರೆಗೆ, ನಂತರದ ಪ್ರತಿ ಬಾರಿ 50 ಸಾವಿರದಿಂದ 5 ಲಕ್ಷ ರೂ.ವರೆಗೆ ದಂಡವಿದೆ. ‘ವಾಹನ ತೆಗೆಯಿರಿ’ ಎಂದು ಕೇಳಿದ ವಿಕಲಚೇತನರನ್ನು ಸಾರ್ವಜನಿಕವಾಗಿ ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಅಥವಾ ಬೆದರಿಸಿದರೆ ಅದು ಇನ್ನೂ ಗಂಭೀರ. 92ನೇ ಕಲಮಿನಡಿ ಆರು ತಿಂಗಳಿನಿಂದ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡಕ್ಕೆ ಅವಕಾಶವಿದೆ. ನಿಲುಗಡೆಯ ಜಗಳ ಬಾಯಿಮಾತಿನಲ್ಲೇ ಮುಗಿಯುವುದರಿಂದ ಈ ಕಲಂ ನೆನಪಿಗೆ ಬರುವುದಿಲ್ಲ, ಅಷ್ಟೇ.

ಇಷ್ಟಾದರೂ ಮಾನದಂಡಗಳು ಕಾಗದದಲ್ಲೇ ಉಳಿಯಲು ಒಂದು ಕಾರಣವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಗುರುತಿಸಿತು. ದೃಷ್ಟಿ ವಿಕಲಚೇತನರಾದ ರಾಜೀವ್ ರತೂರಿ ಅವರು 2005ರಲ್ಲಿ ಸಲ್ಲಿಸಿದ್ದ ಅರ್ಜಿಯಲ್ಲಿ, ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ, 2017ರ ನಿಯಮಾವಳಿಯ 15ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧವೆಂದು ಸಾರಿತು. ಕಾಯ್ದೆ ಕಡ್ಡಾಯವೆಂದು ಹೇಳಿದ್ದನ್ನು ನಿಯಮ ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದೆ ಎಂಬುದು ಪೀಠದ ನಿಲುವು. ಕಡ್ಡಾಯ ಮಾನದಂಡಗಳನ್ನು ಬೇರ್ಪಡಿಸಿ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ನೀಡಲಾಯಿತು. ಸಲಹೆಯನ್ನು ಮೀರಿದವನಿಗೆ ದಂಡ ಹಾಕಲಾಗದು ಎಂಬ ಸರಳ ಸತ್ಯ ಈ ತೀರ್ಪಿನ ತಿರುಳು.

ಫಲಕಕ್ಕೆ ಬಲ ಬರುವುದು ಹೇಗೆ?

ರಸ್ತೆಬದಿಯ ನಿಲುಗಡೆಗೆ ಬೇರೆಯೇ ದಾರಿಯಿದೆ. ಮೋಟಾರು ವಾಹನ ಕಾಯ್ದೆ–1988ರ 116 ಮತ್ತು 117ನೇ ಕಲಂಗಳು ಸಂಚಾರ ಫಲಕ ಹಾಗೂ ನಿಲುಗಡೆ ಸ್ಥಳಗಳನ್ನು ನಿಗದಿಪಡಿಸುವ ಅಧಿಕಾರ ಕೊಡುತ್ತವೆ. ಜಿಲ್ಲೆಗಳಲ್ಲಿ ಈ ಕಲಂಗಳು ಮತ್ತು ಕರ್ನಾಟಕ ಮೋಟಾರು ವಾಹನ ನಿಯಮಾವಳಿ–1989ರ ಅಡಿಯಲ್ಲಿ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳು ಅಧಿಸೂಚನೆ ಹೊರಡಿಸುತ್ತಾರೆ. ಅಧಿಸೂಚನೆಯಿಲ್ಲದೆ ಹಚ್ಚಿದ ಬಣ್ಣ ಬರೀ ಬಣ್ಣ. ಪೊಲೀಸರು ಪ್ರಕರಣ ದಾಖಲಿಸಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಅಧಿಸೂಚನೆಯಿದ್ದಲ್ಲಿಯೂ ಅನ್ವಯವಾಗುವ ಸಾಮಾನ್ಯ ದಂಡನೆಯ 177ನೇ ಕಲಂ, 2019ರ ತಿದ್ದುಪಡಿಯ ಬಳಿಕವೂ, ಮೊದಲ ತಪ್ಪಿಗೆ 500 ರೂ.ವರೆಗಿನ ದಂಡವನ್ನಷ್ಟೇ ಹೇಳುತ್ತದೆ. ಮೀಸಲು ತಾಣ ಕಬಳಿಸಿದ ತಪ್ಪಿಗೂ ಮಾಮೂಲಿ ನಿಲುಗಡೆಯ ತಪ್ಪಿಗೂ ಅಂತರ ಕಾಣದು.

ಖಾಸಗಿ ಆಸ್ಪತ್ರೆ, ಮಾಲ್, ಕಲ್ಯಾಣಮಂಟಪಗಳ ಆವರಣದಲ್ಲಿ ಸ್ಥಿತಿ ಇನ್ನಷ್ಟು ಮಸುಕು. ಅಲ್ಲಿ ಕಾವಲು ನಿಂತ ಭದ್ರತಾ ಸಿಬ್ಬಂದಿಗೆ ದಂಡ ಹಾಕುವ ಅಧಿಕಾರವಿಲ್ಲ. ದೊಡ್ಡ ಕಾರಿನವರೊಡನೆ ವಾದಿಸಿದರೆ ಕೆಲಸ ಉಳಿಯುವ ಭರವಸೆಯೂ ಇಲ್ಲ. ಆದುದರಿಂದ ಹೊಣೆಯನ್ನು ಕಾವಲುಗಾರನ ಹೆಗಲಿನಿಂದ ಆಡಳಿತ ಮಂಡಳಿಯ ಹೆಗಲಿಗೆ ವರ್ಗಾಯಿಸುವುದು ಅಗತ್ಯ. ಖಾಸಗಿ ಸೇವಾ ಸಂಸ್ಥೆಗಳೂ ಸುಗಮ್ಯತೆಯ ನಿಯಮ ಪಾಲಿಸಬೇಕೆಂದು ಕಾಯ್ದೆಯ 46ನೇ ಕಲಂ ಈಗಾಗಲೇ ಹೇಳಿದೆ. ತಾಣ ಗುರುತಿಸಿ ಫೋಟೊ ತೆಗೆಸಿಕೊಂಡರೆ ಸಾಲದು, ಅದನ್ನು ತೆರವಾಗಿ ಇಡುವುದೂ ಪಾಲನೆಯ ಭಾಗ ಎಂಬ ಅರ್ಥ ಬರುವಂತೆ ನಿಯಮ ಸ್ಪಷ್ಟವಾಗಬೇಕಾಗಿದೆ.

ಹಕ್ಕು ವಾಹನದ್ದಲ್ಲ, ವ್ಯಕ್ತಿಯದ್ದು

ನಿಜವಾದ ಫಲಾನುಭವಿ ಯಾರೆಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಬ್ರಿಟನ್ನಿನ ಅನುಭವ ಉಪಯುಕ್ತ. ಅಲ್ಲಿ 1970ರ ಕಾನೂನಿನ ಆಧಾರದಲ್ಲಿ ಮರುವರ್ಷ ಆರಂಭವಾದ ಬ್ಯಾಡ್ಜ್ ಪದ್ಧತಿ ಈಗ ‘ಬ್ಲೂ ಬ್ಯಾಡ್ಜ್’ ಎಂದು ಪ್ರಸಿದ್ಧ. ಬ್ಯಾಡ್ಜ್ ನೀಡುವುದು ವಾಹನಕ್ಕಲ್ಲ, ವ್ಯಕ್ತಿಗೆ. ಅವರು ಯಾರ ಕಾರಿನಲ್ಲಿ ಬಂದರೂ ಅದನ್ನು ಗಾಜಿನೊಳಗೆ ಇಟ್ಟರೆ ಸಾಕು. ಮನೆಯವರು ಅದನ್ನು ತಮ್ಮ ಅನುಕೂಲಕ್ಕೆ ಬಳಸಿದರೆ 1,000 ಪೌಂಡ್‌ವರೆಗೆ ದಂಡ. ಇಂಗ್ಲೆಂಡಿನಲ್ಲಿ 2019ರ ಆಗಸ್ಟ್‌ನಿಂದ ಹೊರನೋಟಕ್ಕೆ ಕಾಣದ ವೈಕಲ್ಯವುಳ್ಳವರಿಗೂ ಈ ಸೌಲಭ್ಯ ವಿಸ್ತರಿಸಿತು.

ನಮ್ಮಲ್ಲಿ 2020ರ ಅಕ್ಟೋಬರ್‌ನಲ್ಲಿ ವಾಹನ ನೋಂದಣಿಯ 20ನೇ ನಮೂನೆಗೆ ತಿದ್ದುಪಡಿ ತಂದು, ಮಾಲೀಕತ್ವದ ವಿವರದಲ್ಲಿ ‘ದಿವ್ಯಾಂಗ’ ಎಂದು ದಾಖಲಿಸಲು ಅವಕಾಶ ಮಾಡಲಾಯಿತು. ಇದು ಸ್ವಂತ ವಾಹನ ಉಳ್ಳವರಿಗೆ ಅನುಕೂಲ. ಬಾಡಿಗೆ ಜೀಪಿನಲ್ಲಿ ಬರುವ ಎಂಡೋಸಲ್ಫಾನ್ ಸಂತ್ರಸ್ತರಿಗೆ ಇದರಿಂದ ಪ್ರಯೋಜನವಿಲ್ಲ. ವಿಕಲಚೇತನರಿಗೆ ನೀಡುವ ವಿಶಿಷ್ಟ ಗುರುತಿನ ಚೀಟಿಯೊಡನೆ, ಗಾಜಿಗೆ ಇಡಬಹುದಾದ ನಿಲುಗಡೆ ಕಾರ್ಡನ್ನೂ ಜೋಡಿಸುವುದು ಕಾರ್ಯಸಾಧ್ಯ ಮಾರ್ಗ. ಇದರಿಂದ ಇನ್ನೊಂದು ಅನ್ಯಾಯವೂ ತಪ್ಪುತ್ತದೆ. ಕಾಯ್ದೆಯ 21 ವಿಧಗಳಲ್ಲಿ ಪಾರ್ಕಿನ್ಸನ್ಸ್, ಹಿಮೋಫಿಲಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂತಹ ಸ್ಥಿತಿಗಳೂ ಸೇರಿವೆ. ‘ನಡೆಯುತ್ತಿದ್ದೀರಲ್ಲ, ನಿಮಗೇಕೆ ಈ ಜಾಗ?’ ಎಂಬ ಪ್ರಶ್ನೆಗೆ ಅಂಥವರು ಬೀದಿಯಲ್ಲಿ ನಿಂತು ರೋಗದ ವಿವರ ಒಪ್ಪಿಸುವಂತಾಗಬಾರದು.

ಮೊದಲ ಹೆಜ್ಜೆ ಎಲ್ಲಿ?

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿದ್ದ ವಿಕಲಚೇತನರ ಸಂಖ್ಯೆ 13.24 ಲಕ್ಷ. ಆಗ ಕೇವಲ ಎಂಟು ವರ್ಗಗಳಲ್ಲಿ ಎಣಿಕೆ ನಡೆದಿತ್ತು; 21 ವಿಧಗಳ ಲೆಕ್ಕದಲ್ಲಿ ಈ ಸಂಖ್ಯೆ ಹೆಚ್ಚಾಗುವುದು ಸಹಜ. ಇವರ ಪಾಲಿಗೆ ಬೃಹತ್ ಯೋಜನೆಗಳಷ್ಟೇ ಅಗತ್ಯವಾದುದು ಸ್ಥಳೀಯ ಸಂಸ್ಥೆಗಳ ಸಣ್ಣ ನಿರ್ಧಾರಗಳು.

ಅದಕ್ಕೆ ಬೇಕಾದ ಸಾಧನ ಕೈಯಲ್ಲೇ ಇದೆ. ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಅನುದಾನವನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಗ್ರಾಮ ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ದಿನ ಎಲ್ಲಿಗೆ ಹೋಗುತ್ತಾರೆ ಎಂಬುದು ಅವರಿಗೆ ಗೊತ್ತು. ಪಂಚಾಯತ್ ಕಚೇರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಬ್ಯಾಂಕ್, ಪಡಿತರ ಅಂಗಡಿಯ ಮುಂದೆ ಒಂದೊಂದು ತಾಣ ಗುರುತಿಸಿ, ಕಾರಿಗೂ ಹೆಚ್ಚುವರಿ ಚಕ್ರದ ಸ್ಕೂಟರಿಗೂ ಹೊಂದುವಂತೆ ಅಳತೆ ನಿಗದಿಪಡಿಸಿ, ಗ್ರಾಮಸಭೆಯ ನಿರ್ಣಯದೊಂದಿಗೆ ಅಧಿಸೂಚನೆಗಾಗಿ ಜಿಲ್ಲಾಧಿಕಾರಿಗೆ ಕಳುಹಿಸಲು ದೊಡ್ಡ ವೆಚ್ಚ ಬೇಕಾಗಿಲ್ಲ. ವರ್ಷವಿಡೀ ಭಕ್ತರ ವಾಹನ ತುಂಬಿರುವ ಕುಕ್ಕೆ ಸುಬ್ರಹ್ಮಣ್ಯದಂತಹ ಕ್ಷೇತ್ರಗಳಲ್ಲಿ ಹಬ್ಬದ ದಿನಗಳ ಸಂಚಾರ ವ್ಯವಸ್ಥೆ ರೂಪಿಸುವಾಗಲೇ ಈ ತಾಣಗಳನ್ನೂ ಸೇರಿಸಬಹುದು.

ಗಾಲಿಕುರ್ಚಿಯ ಆ ಚಿಹ್ನೆಯನ್ನು ಡೆನ್ಮಾರ್ಕ್‌ನ ವಿದ್ಯಾರ್ಥಿನಿ ಸುಸಾನ್ ಕೋಫೋಡ್ ರಚಿಸಿದ್ದು 1968ರಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಜಗತ್ತಿನೆಲ್ಲೆಡೆ ಅದರ ಅರ್ಥ ಒಂದೇ. ಅಕ್ಷರ ಬಾರದವರಿಗೂ ಅದು ತಿಳಿಯುತ್ತದೆ. ಹಾಗಿರುವಾಗ ಫಲಕ ಅರ್ಥವಾಗಲಿಲ್ಲ ಎಂಬ ನೆಪ ಚಾಲಕರಿಗಿಲ್ಲ. ಕಾನೂನಿಲ್ಲ ಎಂಬ ನೆಪ ಆಡಳಿತಕ್ಕಿಲ್ಲ. ಉಳಿದಿರುವುದು ಜಾರಿಗೊಳಿಸುವ ಇಚ್ಛಾಶಕ್ತಿಯ ಪ್ರಶ್ನೆ. ಅದಕ್ಕೆ ಉತ್ತರ ಮೊದಲು ಬರಬೇಕಾದುದು ಜಿಲ್ಲಾಡಳಿತದಿಂದ ಮತ್ತು ಪಂಚಾಯತ್ ಸಭೆಗಳಿಂದ.