ಢಂ ಅಂದದ್ದು ಯಾವ ಬಾಯಿಂದ?

ಮಳೆ ನಂಬಿ ಬೇಸಾಯ ಮಾಡುವ ನಮಗೆ ರಾಗಿ, ಹುರುಳಿ ಮನೆಗೆ ಬಂದ ಮೇಲೆ ಹೊಲದಲ್ಲಿ ಹೆಚ್ಚು ಕೆಲಸವಿಲ್ಲ. ಸಂಕ್ರಾಂತಿ ಕಳೆದ ಮೇಲೆ ಯುಗಾದಿವರೆಗೆ ನಾನು ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಗೋದಾಮಿಗೆ ಲೋಡಿಂಗ್ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಮೂಟೆ ಎತ್ತುವ ಗಾಡಿ ಇದೆ. ಫೋರ್ಕ್‌ಲಿಫ್ಟ್ ಅಂತಾರೆ. ಮುಂದೆ ಎರಡು ಕಬ್ಬಿಣದ ನಾಲಗೆ, ಬೆನ್ನ ಮೇಲೆ ಗ್ಯಾಸ್ ಸಿಲಿಂಡರು. ಓಡೋದು ಗ್ಯಾಸಿನಲ್ಲೇ.

ಹೋದ ಬೇಸಿಗೆಯಲ್ಲಿ ಈ ಗಾಡಿ ಬ್ಯಾಕ್‌ಫೈರ್ ಹೊಡೆಯಲು ಶುರು ಮಾಡಿತು. ಭಾರ ಎತ್ತಲು ಆಕ್ಸಿಲರೇಟರ್ ಒತ್ತಿದರೆ ಢಂ. ಒಂದು ದಿನ ಏರ್ ಫಿಲ್ಟರಿನ ಮುಚ್ಚಳ ಹಾರಿ ನನ್ನ ಭುಜದ ಪಕ್ಕದಲ್ಲೇ ಹೋಯಿತು. ಮೆಕ್ಯಾನಿಕ್ ಬಂದು ಪ್ಲಗ್ ಬದಲಿಸಿದ. ಮಾರನೆ ವಾರ ಕಾಯಿಲ್. ಆಮೇಲೆ ಗ್ಯಾಸ್ ರೆಗ್ಯುಲೇಟರ್. ಹದಿನಾಲ್ಕು ಸಾವಿರ ಬಿಲ್ಲಾಯಿತು, ಢಂ ಮಾತ್ರ ನಿಲ್ಲಲಿಲ್ಲ. ಕೊನೆಗೆ ತಪ್ಪು ಬಂದದ್ದು ಡ್ರೈವರ್ ಹುಡುಗನ ಮೇಲೆ. 'ಒರಟಾಗಿ ಓಡಿಸಿ ಕೆಡಿಸಿದ' ಅಂತ ಅವನ ಸಂಬಳದಲ್ಲಿ ಹಿಡಿದರು. ಅವನು ನಮ್ಮೂರಿನವನು. ಎರಡು ಎಕರೆ ಒಣಭೂಮಿಯವನ ಮಗ.

ನನಗೆ ಗೊತ್ತಿದ್ದ ಒಬ್ಬ ಹಿರಿಯರನ್ನು ಕರೆದುಕೊಂಡು ಹೋದೆ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. ಗ್ಯಾಸ್ ಗಾಡಿ ಅವರಿಗೂ ಹೊಸದೇ. ಆದರೂ ಸ್ಪ್ಯಾನರ್ ಮುಟ್ಟುವ ಮೊದಲು ಅವರು ಕೇಳಿದ್ದು ಎರಡೇ ಮಾತು. ಢಂ ಅಂದದ್ದು ಗಾಳಿ ಎಳೆಯುವ ಬಾಯಿಂದಲೋ, ಹೊಗೆ ಬಿಡುವ ಬಾಯಿಂದಲೋ? ಯಾವಾಗ ಅಂತು, ಸ್ಟಾರ್ಟ್ ಮಾಡುವಾಗಲೋ, ಭಾರ ಬಿದ್ದಾಗಲೋ, ಆಕ್ಸಿಲರೇಟರ್ ಬಿಟ್ಟಾಗಲೋ?

ಇದರಲ್ಲೇ ಅರ್ಧ ಉತ್ತರ ಇದೆ. ಗಾಳಿ ಜಾಸ್ತಿಯಾಗಿ ಗ್ಯಾಸ್ ಕಮ್ಮಿಯಾದರೆ ಮಿಶ್ರಣ ನಿಧಾನಕ್ಕೆ ಉರಿಯುತ್ತದೆ. ಒಳಗೆ ಬೆಂಕಿ ಆರುವ ಮೊದಲೇ ಮುಂದಿನ ಸರದಿಯ ಇನ್‌ಲೆಟ್ ವಾಲ್ವ್ ತೆರೆದುಕೊಂಡರೆ, ಒಳಗೆ ಬರುತ್ತಿದ್ದ ಗ್ಯಾಸಿಗೇ ಬೆಂಕಿ ಹತ್ತಿ ಏರ್ ಫಿಲ್ಟರ್ ಕಡೆಗೆ ಸಿಡಿಯುತ್ತದೆ. ಕಿಡಿ ತಪ್ಪಿದರೆ ಕತೆ ಬೇರೆ. ಉರಿಯದ ಗ್ಯಾಸ್ ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಢಂ ಅನ್ನುತ್ತದೆ. ಶಬ್ದ ಒಂದೇ ಥರ ಕೇಳಿದರೂ ರೋಗ ಬೇರೆ ಬೇರೆ.

ಅವರು ನೋಡಿದ ಕ್ರಮ ಬರೆಯುತ್ತೇನೆ. ಮೊದಲು ಗ್ಯಾಸ್ ವಾಸನೆ. ಬಾಗಿಲು ತೆಗೆಸಿ, ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿದರು. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಗುಂಡಿಯಲ್ಲಿ ಕೂರುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ದಡ್ಡತನ ಯಾರೂ ಮಾಡಬಾರದು.

ಎರಡನೆಯದು ಕಿಡಿ. ಗ್ಯಾಸಿಗೆ ಗಟ್ಟಿ ಕಿಡಿ ಬೇಕು. ಪೆಟ್ರೋಲಿನಲ್ಲಿ ಹೇಗೋ ಸಾಗಿಸುವ ಪ್ಲಗ್ಗು, ವೈರು ಗ್ಯಾಸಿನಲ್ಲಿ ಕೈಕೊಡುತ್ತವೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ಸೀಳಿದೆಯಾ, ಪ್ಲಗ್ ವೈರು ಅದಲು ಬದಲಾಗಿದೆಯಾ ಅಂತ ನೋಡಬೇಕು. ಸರ್ವೀಸ್ ಮಾಡಿಸಿದ ಮಾರನೇ ದಿನವೇ ಢಂ ಶುರುವಾಗಿದ್ದರೆ ವೈರಿನ ಮೇಲೇ ಮೊದಲ ಅನುಮಾನ.

ಮೂರನೆಯದು ಕಳ್ಳಗಾಳಿ. ಇಂಜಿನ್ ಓಡುತ್ತಿರುವಾಗ, ಗಾಳಿ ಗ್ಯಾಸ್ ಬೆರೆಯುವ ಮಿಕ್ಸರಿನ ಕೆಳಗಿನ ಜೋಡಣೆಗೆ ಪಿಚಕಾರಿಯಿಂದ ತೆಳ್ಳಗೆ ನೀರು ಸಿಂಪಡಿಸಿದರು. ನೀರು ಬಿದ್ದ ಕ್ಷಣ ಇಂಜಿನ್ನಿನ ಸದ್ದು ಬದಲಾಯಿತು. ಸಿಕ್ಕಿತು. ಅಲ್ಲಿದ್ದ ರಬ್ಬರ್ ಬಿರುಕು ಬಿಟ್ಟಿತ್ತು. ಬಿಸಿಯಾದಾಗ ಬಾಯಿ ಬಿಟ್ಟು ಗಾಳಿ ಎಳೆಯುತ್ತಿತ್ತು. ಇನ್ನೂರು ರೂಪಾಯಿಯ ರಬ್ಬರ್ ಹಾಕಿದ ಮೇಲೆ ಢಂ ಇಲ್ಲ.

ಅಲ್ಲೂ ಸಿಗದಿದ್ದರೆ ನಾಲ್ಕನೆಯದು ಗ್ಯಾಸಿನ ದಾರಿ ಅಂದರು. ಫಿಲ್ಟರ್ ಕಟ್ಟಿರಬಹುದು, ರೆಗ್ಯುಲೇಟರಿನೊಳಗೆ ಎಣ್ಣೆಜಿಡ್ಡು ಕೂತಿರಬಹುದು. ಸಿಲಿಂಡರಿನಿಂದ ದ್ರವವಾಗಿ ಬರುವ ಗ್ಯಾಸನ್ನು ಆವಿ ಮಾಡಲು ರೆಗ್ಯುಲೇಟರಿಗೆ ರೇಡಿಯೇಟರ್ ಬಿಸಿನೀರು ಸುತ್ತಬೇಕು. ನೀರು ಕಮ್ಮಿಯಾದರೆ ರೆಗ್ಯುಲೇಟರ್ ಮೇಲೆ ಹಿಮ ಕಟ್ಟುತ್ತದೆ. ಟೈಮಿಂಗ್, ವಾಲ್ವ್ ಕಡೆಗೆ ಹೋಗೋದು ಕಟ್ಟಕಡೆಗೆ. ವಾಲ್ವ್ ಕೆಲಸಕ್ಕೆ ಇಂಜಿನ್ ಬಿಚ್ಚಬೇಕಾಗಬಹುದು, ಖರ್ಚು ಜಾಸ್ತಿ.

ಫೋರ್ಕ್‌ಲಿಫ್ಟ್ ಕಟ್ಟಿಕೊಂಡು ರೈತರಿಗೇನಾಗಬೇಕು ಅಂತ ಕೇಳಬಹುದು. ನಮ್ಮ ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಪೆಟ್ರೋಲ್ ಪಂಪು ಎಲ್ಲ ಕಿಡಿಯಿಂದ ಓಡುವ ಇಂಜಿನ್ನುಗಳೇ. ಕಿಡಿ, ಗಾಳಿ, ಇಂಧನ, ಈ ಮೂರೇ ಅಲ್ಲೂ ಇರೋದು. (ಡೀಸೆಲ್ ಟಿಲ್ಲರಿಗೆ ಪ್ಲಗ್ಗಿಲ್ಲ, ಅದರ ಲೆಕ್ಕ ಬೇರೆ.) ನನ್ನ ಪಂಪು ಹೀಗೇ ಸಿಡಿಯುತ್ತಿದ್ದಾಗ ಎರಡು ಸಲ ಕಾರ್ಬೊರೇಟರ್ ಬದಲಿಸಿ ದುಡ್ಡು ಕಳೆದಿದ್ದೆ. ಈಗ ನೆನೆದರೆ ಅಲ್ಲೂ ಗ್ಯಾಸ್ಕೆಟ್ಟೇ ಹೋಗಿತ್ತೋ ಏನೋ. ಇನ್ನೊಂದು ಮಾತು. ಕೆಲವರು ಅಡುಗೆಯ 14.2 ಕಿಲೋ ಸಿಲಿಂಡರನ್ನೇ ಪಂಪಿಗೆ ಜೋಡಿಸುತ್ತಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಬ್ಯಾಕ್‌ಫೈರ್ ಹೊಡೆಯುವ ಇಂಜಿನ್ ಪಕ್ಕ ಸೋರುವ ಪೈಪಿದ್ದರೆ ಏನಾದೀತು, ಯೋಚಿಸಿ.

ಎಲ್ಲ ಮೆಕ್ಯಾನಿಕ್ಕರೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಬದಲಿಸಿ ನೋಡುವುದು ಸುಲಭ, ಹುಡುಕಿ ನೋಡುವುದಕ್ಕೆ ತಾಳ್ಮೆ ಬೇಕು. ಹುಡುಕಿದ್ದಕ್ಕೆ ಕೂಲಿ ಕೊಡಲು ನಾವೂ ಹಿಂದೆಮುಂದೆ ನೋಡುತ್ತೇವೆ. ಪಾರ್ಟಿಗಾದರೆ ಕೇಳದೆ ಕೊಡುತ್ತೇವೆ. ಎಲೆ ಹಳದಿಯಾದ ತಕ್ಷಣ ಬೇರು ನೋಡದೆ ಅಂಗಡಿಗೆ ಓಡುವ ನಮ್ಮ ಚಾಳಿಯೂ ಇದೇ ತಾನೆ?

ನನ್ನ ಅಭಿಪ್ರಾಯ ಇಷ್ಟು. ರಿಪೇರಿಗೆ ಕೊಟ್ಟಾಗ 'ಏನು ಪರೀಕ್ಷೆ ಮಾಡಿದಿರಿ, ಏನು ಕಂಡಿತು' ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಹಳೇ ಪಾರ್ಟ್ ವಾಪಸ್ ಕೇಳಿ. ನಮಗೆ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ವರ್ಷಕ್ಕೆ ಒಂದು ದಿನವಾದರೂ ರೈತರನ್ನೂ ರೈತರ ಮಕ್ಕಳನ್ನೂ ಕೂರಿಸಿ, ಯಂತ್ರದ ದೋಷ ಹುಡುಕುವ ಕ್ರಮ ಕಲಿಸಲಿ. ಯಂತ್ರ ಓಡಿಸುವವನಿಗೆ ಇದು ಗೊತ್ತಿದ್ದರೆ ಯಾರದೋ ತಪ್ಪು ಅವನ ತಲೆಗೆ ಬರುವುದಿಲ್ಲ.

ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಹುಡುಗನ ಹಿಡಿದ ಸಂಬಳ ಮಾತ್ರ ಇನ್ನೂ ಬಂದಿಲ್ಲ. ಕೇಳುತ್ತಲೇ ಇದ್ದೇವೆ.