ಸತ್ತವರ ಹೆಸರು ಹೇಳಿ ಇನ್ನಷ್ಟು ಹೆಣ ಕೇಳುವವರು

ಶ್ರೀಲಂಕಾದಿಂದ ಭಾರತದ ಶಾಂತಿಪಾಲನಾ ಪಡೆ ವಾಪಸಾಗಿ ಮೂರೂವರೆ ದಶಕ ಕಳೆದರೂ ಒಂದು ಹಳೇ ರಾಗ ಮಾತ್ರ ನಿಂತಿಲ್ಲ. ‘ಇನ್ನೇನು ಗೆದ್ದೇಬಿಟ್ಟಿದ್ದೆವು, ಅಷ್ಟರಲ್ಲಿ ವಿ.ಪಿ. ಸಿಂಗ್ ಸರ್ಕಾರ ಸೇನೆಯನ್ನು ಹಿಂದಕ್ಕೆ ಕರೆಸಿ ಪ್ರಾಣ ಕೊಟ್ಟ ಯೋಧರಿಗೆ ಅವಮಾನ ಮಾಡಿತು’ ಎಂಬ ರಾಗ. ಟಿ.ವಿ. ಚರ್ಚೆಗಳಲ್ಲಿ ಹುರಿಮೀಸೆಯ ತಜ್ಞರು ಇದನ್ನು ಹಾಡುತ್ತಾರೆ. ಅದರ ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಚಿಕ್ಕಪ್ಪ, ಸೋದರಮಾವಂದಿರು ಹಂಚುತ್ತಾರೆ. 2021ರಲ್ಲಿ ಅಮೆರಿಕ ಅಫ್ಗಾನಿಸ್ತಾನದಿಂದ ಕಾಲ್ತೆಗೆದಾಗ ಅಲ್ಲಿನವರೂ ಇದನ್ನೇ ಹಾಡಿದರು. ಸೇನೆ ಹಿಂದಕ್ಕೆ ಬಂದರೆ ಸತ್ತವರಿಗೆ ಅಗೌರವವಂತೆ. ಹಾಗಾದರೆ ಗೌರವ ಯಾವುದು ಸ್ವಾಮಿ? ಅವರ ಪಕ್ಕದಲ್ಲಿ ಇನ್ನಷ್ಟು ಹೆಣ ಮಲಗಿಸುವುದೇ?

ಯೋಧರ ಮೇಲೆ ಇಷ್ಟೊಂದು ಅಕ್ಕರೆ ಉಕ್ಕುವವರು ಅವರನ್ನು ಕಳಿಸಿದ ರೀತಿಯ ಬಗ್ಗೆ ಯಾಕೆ ಬಾಯಿ ಬಿಡುವುದಿಲ್ಲ? 1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಲಂಕಾದ ಅಧ್ಯಕ್ಷ ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆ ಸ್ವೀಕರಿಸುತ್ತಿದ್ದ ನಮ್ಮ ಪ್ರಧಾನಿಗೇ ಲಂಕಾದ ನಾವಿಕನೊಬ್ಬ ಬಂದೂಕು ತಿರುಗಿಸಿ ಬಾರಿಸಿದ. ಅಲ್ಲಿ ನಮಗೆ ಎಂಥ ಸ್ವಾಗತ ಕಾದಿದೆ ಎಂದು ತಿಳಿಯಲು ಇನ್ನೇನು ಬೇಕಿತ್ತು? ಆದರೂ ಪಡೆ ಹೋಯಿತು. ಹೋಗಿದ್ದು ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯವರಿಂದ ಆಯುಧ ಒಪ್ಪಿಸಿಕೊಳ್ಳಲು. ಆ ಹುಡುಗರಿಗೆ ಬಂದೂಕು ಹಿಡಿಯಲು ಕಲಿಸಿದ್ದಾದರೂ ಯಾರು? ನಮ್ಮದೇ ಗುಪ್ತಚರ ಸಂಸ್ಥೆ ‘ರಾ’, ನಮ್ಮದೇ ನೆಲದ ಶಿಬಿರಗಳಲ್ಲಿ. ಎರಡೂವರೆ ತಿಂಗಳು ತುಂಬುವುದರೊಳಗೆ ಶಾಂತಿ ಕಾಯಲು ಹೋದವರು ಯುದ್ಧಕ್ಕೆ ಬಿದ್ದಿದ್ದರು. ನಮ್ಮ ಸಿಪಾಯಿಯ ಕೈಯಲ್ಲಿ ಉದ್ದನೆಯ ಹಳೇ ಎಸ್‌ಎಲ್‌ಆರ್, ಎದುರಿನವನ ಕೈಯಲ್ಲಿ ಎಕೆ–47.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಆಟದ ಮೈದಾನದಲ್ಲಿ ನಡೆದದ್ದನ್ನು ಈ ಗೌರವದ ಗುತ್ತಿಗೆದಾರರು ಒಮ್ಮೆ ಓದಬೇಕು. ಎಲ್‌ಟಿಟಿಇ ನಾಯಕರನ್ನು ಹಿಡಿಯಲೆಂದು ಹೆಲಿಕಾಪ್ಟರ್‌ಗಳಲ್ಲಿ ನಮ್ಮವರನ್ನು ಅಲ್ಲಿ ಇಳಿಸಲಾಯಿತು. ನಮ್ಮ ರೇಡಿಯೊ ಮಾತುಕತೆ ಕದ್ದು ಕೇಳಿದ್ದ ಎಲ್‌ಟಿಟಿಇ ಮೊದಲೇ ಹೊಂಚು ಹಾಕಿ ಕೂತಿತ್ತು. ಗುಂಡಿನ ಮಳೆಗೆ ಹೆಲಿಕಾಪ್ಟರ್‌ಗಳೇ ಜರ್ಜರಿತವಾಗಿ ಉಳಿದವರನ್ನು ಇಳಿಸುವುದೇ ನಿಂತುಹೋಯಿತು. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿ ಮಾತ್ರ ಕೆಳಗಿಳಿದಿದ್ದರು. ಬೆಳಗಿನ ಹೊತ್ತಿಗೆ ಅವರ ಮದ್ದುಗುಂಡು ಮುಗಿಯಿತು. 29 ಮಂದಿ ಸತ್ತರು, ಒಬ್ಬ ಸೆರೆ ಸಿಕ್ಕ. ಅವರ ಜತೆ ಇಳಿದ ಪ್ಯಾರಾ ಕಮಾಂಡೊಗಳನ್ನು ಬಿಡಿಸಿಕೊಂಡು ಬರಲು ನಮ್ಮ ಟ್ಯಾಂಕ್‌ಗಳು ರೈಲು ಹಳಿಯ ಮೇಲೆ ಹೋಗಬೇಕಾಯಿತು. ರಸ್ತೆಯಲ್ಲೆಲ್ಲ ನೆಲಬಾಂಬ್ ಹೂತಿಟ್ಟಿದ್ದರು. ಆ 30 ಜನರಿಗೆ ಅವಮಾನ ಆಗಿದ್ದು 1990ರಲ್ಲಲ್ಲ. ಎದುರಾಳಿಗೆ ಮೊದಲೇ ಗೊತ್ತಿದ್ದ ಮೈದಾನದಲ್ಲಿ ಅವರನ್ನು ಇಳಿಸಿದ ಆ ರಾತ್ರಿಯೇ ಆಗಿತ್ತು.

ಇನ್ನೊಂದು ಮಾತು. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಅದೇ ತಿಂಗಳು ದೀಪಾವಳಿಯ ದಿನ ಜಾಫ್ನಾ ಆಸ್ಪತ್ರೆಗೆ ನುಗ್ಗಿದ ನಮ್ಮ ಪಡೆಯ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ 60ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಲ್ಲಿ ಬದುಕುಳಿದವರು ಹೇಳಿದ್ದಾರೆ. ಯಾರು ಎಲ್‌ಟಿಟಿಇಯ ‘ಪುಲಿ’, ಯಾರು ಪ್ರಜೆ ಎಂದು ಗುರುತು ಹತ್ತದ ಊರಿನೊಳಗೆ, ಭಾಷೆ ಬಾರದ ಸಿಪಾಯಿಯನ್ನು ತಳ್ಳಿದರೆ ಇನ್ನೇನಾಗುತ್ತದೆ? ಕಾಪಾಡಲು ಹೋದ ಜನರೇ ಶಪಿಸುವ ಸ್ಥಿತಿಗೆ ಒಂದು ಸೇನೆಯನ್ನು ತಂದು ನಿಲ್ಲಿಸುವುದು ಸಮವಸ್ತ್ರಕ್ಕೆ ಮಾಡಿದ ಸನ್ಮಾನವೇ?

ರಕ್ಷಣಾ ಸಚಿವಾಲಯದ ಲೆಕ್ಕದಲ್ಲಿ ಸತ್ತವರು 1,165. ಗಾಯಗೊಂಡವರು 3,009. ‘ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ’ ಎನ್ನುವವರಿಗೆ ನನ್ನದು ಒಂದೇ ಪ್ರಶ್ನೆ: 1,166ನೆಯವನು ಯಾರಾಗಬೇಕಿತ್ತು? ಹೆಸರು ಹೇಳಿ. ಬೆಳಗಾವಿಯಲ್ಲಿ ತರಬೇತಿ ಮುಗಿಸಿದ ಮರಾಠಾ ಲೈಟ್ ಇನ್‌ಫೆಂಟ್ರಿಯ ಹುಡುಗನೇ? ಮಡಿಕೇರಿಯವನೇ? ನಿಮ್ಮ ಮನೆಯವನಂತೂ ಅಲ್ಲ, ಅದು ಗೊತ್ತಿದೆ.

ಅಷ್ಟಕ್ಕೂ 1989ರ ಹೊತ್ತಿಗೆ ಯಾರ ಪರವಾಗಿ ಹೋರಾಡುತ್ತಿದ್ದೆವು? ಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸ ಜೂನ್‌ನಲ್ಲಿ ಬಹಿರಂಗವಾಗಿಯೇ ‘ಜುಲೈ ಮುಗಿಯುವುದರೊಳಗೆ ಜಾಗ ಖಾಲಿ ಮಾಡಿ’ ಎಂದರು. ಅಷ್ಟೇ ಅಲ್ಲ, ನಮ್ಮ ವಿರುದ್ಧ ಹೋರಾಡಲು ಅವರ ಸರ್ಕಾರವೇ ಎಲ್‌ಟಿಟಿಇಗೆ ಆಯುಧ ಕೊಟ್ಟಿತು. ಕರೆದವರಿಗೂ ಬೇಡ, ಕಾದಾಡುತ್ತಿದ್ದವರಿಗೂ ಬೇಡ. ಸಿಂಹಳೀಯರಿಗೆ ಬೇಡ, ತಮಿಳರಿಗೂ ಬೇಡ. ಇಂಥ ಕಡೆ ಕೂತು ಗೆಲ್ಲುವುದು ಏನನ್ನು? ಆ ನೆಲದ್ದೇ ಸೇನೆಗೆ, ಯಾವ ಹಂಗೂ ಇಲ್ಲದೆ, ಸಾವಿರಾರು ನಾಗರಿಕರ ಪ್ರಾಣದ ಪರಿವೆಯೂ ಇಲ್ಲದೆ ಹೋರಾಡಿ, ಎಲ್‌ಟಿಟಿಇ ಮುಖ್ಯಸ್ಥ ಪ್ರಭಾಕರನ್‌ನನ್ನು ಮುಗಿಸಲು 2009ರ ಮೇ ತಿಂಗಳವರೆಗೆ ಬೇಕಾಯಿತು. ನಮ್ಮ ತಜ್ಞರ ಪ್ರಕಾರ ನಾವು ಮಾತ್ರ ‘ಇನ್ನೊಂದಿಷ್ಟು ದಿನ’ದಲ್ಲಿ ಮುಗಿಸುತ್ತಿದ್ದೆವು!

ಪಡೆ ಉಳಿದಿದ್ದರೆ ರಾಜೀವ್ ಗಾಂಧಿ ಉಳಿಯುತ್ತಿದ್ದರು ಎಂಬ ವಾದವೂ ಇದೆ. ಅವರನ್ನು ಶ್ರೀಪೆರಂಬುದೂರಿನಲ್ಲಿ ಕೊಂದದ್ದೇ ಮತ್ತೆ ಪ್ರಧಾನಿಯಾದರೆ ಸೇನೆಯನ್ನು ಮತ್ತೆ ಕಳಿಸುತ್ತಾರೆಂಬ ದಿಗಿಲಿನಿಂದ. ಆ ಸಂಚಿನ ಬಾಲ ನಮ್ಮ ಬೆಂಗಳೂರಿನ ಕೋಣನಕುಂಟೆಯವರೆಗೂ ಬಂತು. 1991ರ ಆಗಸ್ಟ್‌ನಲ್ಲಿ ಸಂಚಿನ ಸೂತ್ರಧಾರ ಶಿವರಾಸನ್ ಮತ್ತು ಸಂಗಡಿಗರು ಪ್ರಾಣ ಕಳೆದುಕೊಂಡದ್ದು ಅಲ್ಲಿನ ಮನೆಯೊಂದರಲ್ಲಿ. ಇದೆಲ್ಲ ಪಡೆ ಹೋದದ್ದರ ಫಲ. ವಾಪಸ್ ಬಂದದ್ದರ ತಲೆಗೆ ಯಾಕೆ ಕಟ್ಟುತ್ತೀರಿ?

ಅವಮಾನ ಆಗಲಿಲ್ಲ ಎನ್ನುತ್ತಿಲ್ಲ. ಆಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಡಗಿನಲ್ಲಿ ಮದ್ರಾಸು ಬಂದರಿಗೆ ಬಂದಿಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಿಸಲು ಹೋಗಲಿಲ್ಲ. ಎದೆಗೆ ಗುಂಡು ಬಿದ್ದ ಮೇಲೂ ಎದುರಾಳಿಯ ಬಂದೂಕು ಕಸಿದು ಹೋರಾಡಿ ಸತ್ತ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಕೊಟ್ಟ ದೇಶ, ಅವರ ಜತೆಗಾರರಿಗೆ ಒಂದು ಹಾರ ಹಾಕಲು ಹಿಂದೆಮುಂದೆ ನೋಡಿತು. ಆದರೆ ತಪ್ಪು ಬಂದರಿಗೆ ಹೋಗದವರದ್ದು. ಹಡಗು ಬಂದದ್ದು ಹೇಗೆ ತಪ್ಪಾಗುತ್ತದೆ? ಪರಮೇಶ್ವರನ್ ಅವರ ಶೌರ್ಯ ದೆಹಲಿಯ ಲೆಕ್ಕಾಚಾರ ಸರಿಯಿತ್ತೋ ಇಲ್ಲವೋ ಎಂಬುದರ ಮೇಲೆ ನಿಂತಿಲ್ಲ. ಈ ಸಣ್ಣ ವ್ಯತ್ಯಾಸ ನಮ್ಮ ದೇಶಭಕ್ತರ ತಲೆಗೆ ಹೋಗುವುದೇ ಇಲ್ಲ. ‘ಹೊರಡಿ’ ಎಂದ ಆ ಲಂಕೆಯೇ ಕೊಲಂಬೊ ಬಳಿ ನಮ್ಮ ಯೋಧರ ಹೆಸರು ಕೆತ್ತಿಸಿ ಸ್ಮಾರಕ ಕಟ್ಟಿತು. ನಮ್ಮದೇ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದದ್ದು ಮಾತ್ರ 2019ರಲ್ಲಿ.

ಸತ್ತವರ ಹೆಸರಲ್ಲಿ ಯುದ್ಧ ಎಳೆದರೆ ಹೆಣ ಇನ್ನಷ್ಟು ಬೀಳುತ್ತವೆ ಎಂಬ ಪಾಠವನ್ನು ಅಮೆರಿಕದವರು ನಮಗಿಂತ ಹೆಚ್ಚು ಬೆಲೆ ತೆತ್ತು ಕಲಿತರು, ಮತ್ತೆ ಮರೆತರು. ನಿಕ್ಸನ್ ಅಧಿಕಾರಕ್ಕೆ ಬಂದ 1969ರ ಹೊತ್ತಿಗೇ ವಿಯೆಟ್ನಾಂ ಗೆಲ್ಲುವ ಯುದ್ಧವಲ್ಲ ಎಂದು ಒಳಗಿನವರಿಗೆ ಗೊತ್ತಿತ್ತು. ‘ಮಾನದಿಂದ ಹೊರಬರಬೇಕು’ ಎಂದು ನಾಲ್ಕು ವರ್ಷ ಎಳೆದರು. ಆ ಮಾನಕ್ಕಾಗಿ ಸತ್ತ ಅಮೆರಿಕನ್ನರೇ 20,000ಕ್ಕೂ ಹೆಚ್ಚು. ವಿಯೆಟ್ನಾಮಿನವರನ್ನು ಎಣಿಸುವವರು ಯಾರು?

ನಮ್ಮಲ್ಲೂ ಈ ಚಾಳಿ ಹೋಗಿಲ್ಲ. ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಉಸಿರು ಹಿಡಿದು, ಹೊರಗೆ ತೆಗೆದ ಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇಡೀ ಕರ್ನಾಟಕ ಅತ್ತಿತು. 2003ರ ಕದನವಿರಾಮದ ನಂತರ ಅಲ್ಲಿ ನಮ್ಮವರನ್ನು ಕೊಲ್ಲುತ್ತಿರುವುದು ಪಾಕಿಸ್ತಾನದ ಗುಂಡಲ್ಲ, ಚಳಿ ಮತ್ತು ಹಿಮಪಾತ. ಎರಡೂ ದೇಶ ಕೂತು ಮಾತಾಡಿ ಕೆಳಗಿಳಿಯಬಾರದೇ ಎಂದು ಯಾರಾದರೂ ಕೇಳಿದರೆ ಸಾಕು, ‘ಹನುಮಂತಪ್ಪನ ಬಲಿದಾನಕ್ಕೆ ದ್ರೋಹ’ ಎಂದು ಎಗರಿ ಬೀಳುತ್ತಾರೆ. ಪಾಕಿಸ್ತಾನವನ್ನು ನಂಬಬಹುದೇ, ಶಿಖರ ಬಿಟ್ಟರೆ ಮತ್ತೆ ಸಿಗುತ್ತದೆಯೇ ಎಂದು ಕೇಳಿ, ಅದು ವಾದ. ಸತ್ತ ಹುಡುಗನನ್ನು ಅಡ್ಡ ಹಿಡಿದು ಬಾಯಿ ಮುಚ್ಚಿಸುವುದು ವಾದವಲ್ಲ.

ಈ ಅಕ್ಕರೆಯ ಆಳವನ್ನು ಬದುಕಿರುವ ಸೈನಿಕರ ವಿಷಯದಲ್ಲಿ ನೋಡಿದ್ದೇವೆ. ‘ಒಂದೇ ಶ್ರೇಣಿ, ಒಂದೇ ಪಿಂಚಣಿ’ಗಾಗಿ ಜಂತರ್ ಮಂತರ್‌ನಲ್ಲಿ ಕೂತ ಮಾಜಿ ಸೈನಿಕರನ್ನು 2015ರ ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವಕ್ಕೆ ಒಂದು ದಿನ ಇರುವಾಗ, ದೆಹಲಿ ಪೊಲೀಸರು ಎಳೆದಾಡಿದರು. ಪದಕಗಳನ್ನು ಎದೆಗೆ ಸಿಕ್ಕಿಸಿಕೊಂಡಿದ್ದ ಮುದುಕರು ಅವರು. ಅಂಗ ಊನವಾದವರಿಗೆ ನ್ಯಾಯಮಂಡಳಿ ಪಿಂಚಣಿ ಕೊಡಿಸಿದರೆ ಸರ್ಕಾರವೇ ಮೇಲ್ಮನವಿ ಹಾಕುತ್ತದೆ. ಸುಪ್ರೀಂ ಕೋರ್ಟ್ ಛೀಮಾರಿ ಹಾಕಿದರೂ ಬಿಡುವುದಿಲ್ಲ. 2022ರಿಂದ ಅಗ್ನಿಪಥ ಬಂದಿದೆ: ನಾಲ್ಕು ವರ್ಷ ದುಡಿಸಿ, ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನನ್ನು ಉಳಿಸಿಕೊಂಡು, ಮಿಕ್ಕವರನ್ನು ಪಿಂಚಣಿಯೂ ಇಲ್ಲದೆ ಮನೆಗೆ ಕಳಿಸುವ ಯೋಜನೆ. ಜಾಫ್ನಾದಿಂದ ಸೈನಿಕನನ್ನು ಮನೆಗೆ ಕಳಿಸಿದ್ದನ್ನು ಅವಮಾನವೆನ್ನುವ ಹುರಿಮೀಸೆಯವರು ಈ ಮನೆಗೆ ಕಳಿಸುವಿಕೆಯನ್ನು ಸುಧಾರಣೆ ಎಂದು ಕೊಂಡಾಡುತ್ತಿದ್ದಾರೆ.