ಮುಪ್ಪಿನ ರೊಕ್ಕದ ಹೊಣೆ ಯಾರದು?



ಪೆನ್ಷನ್ ಮಾತು ಎತ್ತಿದರೆ ಹಾಸ್ಟೆಲಿನ ಹುಡುಗರು ನಗುತ್ತಾರೆ. ನೌಕರಿಗೇ ದಿಕ್ಕಿಲ್ಲ, ಪೆನ್ಷನ್ ಎಲ್ಲಿಂದ ತಂದ್ರಿ ಅಂತಾರೆ. ನಗಲಿ. ಆದರೆ ಯಾವ ಸರ್ಕಾರಿ ನೌಕರಿಗಾಗಿ ರಾತ್ರಿ ಎರಡರತನಕ ಪುಸ್ತಕ ಹಿಡಿದು ಕೂರುತ್ತೀರೋ, ಅದರ ತಿರುಳನ್ನು ನೀವು ತೊಟ್ಟಿಲಲ್ಲಿದ್ದಾಗಲೇ ತೆಗೆದುಬಿಟ್ಟಿದ್ದಾರೆ. ಇದನ್ನು ಯಾವ ಕೋಚಿಂಗ್ ಕ್ಲಾಸಿನವರೂ ನಿಮಗೆ ಹೇಳುವುದಿಲ್ಲ.

2004ರ ಜನವರಿ 1ರಿಂದ ಕೇಂದ್ರದಲ್ಲಿ, 2006ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ನೌಕರಿಗೆ ಸೇರಿದವರಿಗೆ ಹಳೆಯ ಪೆನ್ಷನ್ ನಿಂತುಹೋಯಿತು. ಹಳೆಯದರಲ್ಲಿ ಪೂರ್ಣ ಸೇವೆ ಮಾಡಿದವನಿಗೆ ಕೊನೆಯ ಮೂಲವೇತನದ ಅರ್ಧ, ಮೇಲೆ ತುಟ್ಟಿಭತ್ಯೆ, ಸಾಯುವತನಕ. ಸತ್ತ ಮೇಲೆ ಹೆಂಡತಿಗೆ ಒಂದು ಪಾಲು. ಹೊಸದರಲ್ಲಿ, ಅಂದರೆ ಎನ್‌ಪಿಎಸ್‌ನಲ್ಲಿ, ತಿಂಗಳಾ ಪಗಾರದಲ್ಲಿ ನೂರಕ್ಕೆ ಹತ್ತು ಹಿಡಿಯುತ್ತಾರೆ. ಸರ್ಕಾರ ಮೊದಲು ಹತ್ತು ಹಾಕುತ್ತಿತ್ತು, ಈಗ ಹದಿನಾಲ್ಕು ಹಾಕುತ್ತದೆ. ಆ ರೊಕ್ಕ ಷೇರು, ಬಾಂಡುಗಳಿಗೆ ಹೋಗುತ್ತದೆ. ಅರವತ್ತಾದಾಗ ಗಂಟಿನಲ್ಲಿ ನೂರಕ್ಕೆ ಅರವತ್ತರವರೆಗೆ ಕೈಗೆ ಬರುತ್ತದೆ. ಕನಿಷ್ಠ ನಲವತ್ತು ಭಾಗವನ್ನು ವಿಮಾ ಕಂಪನಿಗೆ ಕಟ್ಟಿ ಅದರಿಂದ ತಿಂಗಳಿಗಿಷ್ಟು ಅಂತ ಪಡೆಯಬೇಕು. ಲೆಕ್ಕಕ್ಕೆ ಗಂಟು 20 ಲಕ್ಷ ಅಂತಿಟ್ಟುಕೊಳ್ಳಿ. ಕಂಪನಿಗೆ ಹೋದದ್ದು 8 ಲಕ್ಷ. ಅವರು ವರ್ಷಕ್ಕೆ ನೂರಕ್ಕೆ ಆರು ಕೊಟ್ಟರೆ ತಿಂಗಳಿಗೆ 4,000. ತೊಗರಿಬೇಳೆ ಎಷ್ಟೇ ಏರಲಿ, ಅದು ಅಷ್ಟೇ.

ರೊಕ್ಕ ನೋಡಿಕೊಳ್ಳುವವರು ಎಸ್‌ಬಿಐ, ಎಲ್‌ಐಸಿ, ಯುಟಿಐನವರು, ಇದರಲ್ಲಿ ಖಾಸಗಿ ಎಲ್ಲಿ ಬಂತು ಅಂತ ವಾದಿಸುವವರೂ ಇದ್ದಾರೆ. ಬೋರ್ಡಿನ ಮೇಲೆ ಯಾರ ಹೆಸರು ಬರೆದಿದ್ದರೇನು? ಪೇಟೆ ಬಿದ್ದರೆ ನಷ್ಟ ಯಾರ ಮನೆಗೆ ಅನ್ನುವುದನ್ನು ಕೇಳಿ. ಮೊದಲು ಖಜಾನೆಗಿತ್ತು, ಈಗ ಮುದುಕನ ಮನೆಗೆ. ಖಾಸಗೀಕರಣ ಅಂತ ನಾವು ಕರೆಯುವುದು ಇದನ್ನೇ.

ಈ ದಾರಿ ತೋರಿಸಿದ್ದು ದಕ್ಷಿಣ ಅಮೆರಿಕದ ಚಿಲಿ ದೇಶ. 1981ರಲ್ಲಿ ಅಲ್ಲಿನ ಸೇನಾ ಸರ್ವಾಧಿಕಾರಿ ಪಿನೊಚೆ ದುಡಿಯುವ ಜನರ ಪೆನ್ಷನ್ನನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಿದ. ತನ್ನ ಸೈನ್ಯ, ಪೊಲೀಸರನ್ನು ಮಾತ್ರ ಹೊರಗಿಟ್ಟ. ನಮ್ಮ ದೇಶದಲ್ಲೂ 2004ರಲ್ಲಿ ಸೇನಾಪಡೆಗಳನ್ನು ಹೊರಗಿಟ್ಟರು. ಸಿಪಾಯಿಗೆ ಸಿಕ್ಕಿದ್ದಕ್ಕೆ ನಮ್ಮ ತಕರಾರಿಲ್ಲ, ಸಿಗಲೇಬೇಕು. ಆದರೆ ಮಾಜಿ ಶಾಸಕರ ಪೆನ್ಷನ್ನೂ ಖಜಾನೆಯಿಂದಲೇ ಹೋಗುತ್ತದೆ. ಅಷ್ಟು ಚಲೋ ಯೋಜನೆಯಾದರೆ ವಿಧಾನಸೌಧದಿಂದಲೇ ಶುರು ಮಾಡಬಹುದಿತ್ತಲ್ಲ!

ಇದು ನೌಕರರ ಸಂಘದ ಜಗಳ, ನಮಗ್ಯಾಕೆ ಅನ್ನಬೇಡಿ. ರಾಯಚೂರು, ಮಾನ್ವಿ, ದೇವದುರ್ಗದ ಶಾಲೆ ಕಚೇರಿಗಳಲ್ಲಿ ವರ್ಷಾನುಗಟ್ಟಲೆ ಹುದ್ದೆಗಳು ಖಾಲಿ ಬಿದ್ದಿದ್ದವು. 371(ಜೆ)ಗೆ ಸಂಸತ್ತು ಒಪ್ಪಿದ್ದು 2012ರಲ್ಲಿ, ಜಾರಿಯಾದದ್ದು 2013ರಲ್ಲಿ. ಅದರ ಮೇಲೆ ಸರ್ಕಾರಿ ನೌಕರಿ ಹಿಡಿದ ನಮ್ಮ ಭಾಗದ ಹುಡುಗ ಹುಡುಗಿಯರೆಲ್ಲ ಎನ್‌ಪಿಎಸ್ ಒಳಗೇ ಬಿದ್ದರು. 2006ರ ಆಚೆಗೆ ತುಂಬಿದ ಬ್ಯಾಕ್‌ಲಾಗ್ ಹುದ್ದೆಗಳ ಗತಿಯೂ ಇದೇ. ಹುದ್ದೆ ತುಂಬದೆ ಇಟ್ಟವರು ಒಬ್ಬರು, ದಂಡ ಕಟ್ಟುವವರು ಇನ್ನೊಬ್ಬರು. ಪಂಕ್ತಿಯ ಕಡೆಗೆ ಕೂಡಿಸಿ, ನಮ್ಮ ಎಲೆಗೆ ಬರುವಾಗ ಪಾತ್ರೆ ಬರಿದಾಯಿತು ಅನ್ನುವ ಆಟ ನಮಗೆ ಹೊಸದೇನಲ್ಲ.

2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರ ಹೂಡಿದರು. ಸರ್ಕಾರ ನೂರಕ್ಕೆ ಹದಿನೇಳು ಮಧ್ಯಂತರ ಪರಿಹಾರ ಕೊಟ್ಟಿತು, ಹಳೆ ಪೆನ್ಷನ್ ನೋಡಲು ಒಂದು ಸಮಿತಿ ಅಂದಿತು. ಅವತ್ತೇ ಮುಷ್ಕರ ಮುಗಿಯಿತು. 2024ರ ಜನವರಿಯಲ್ಲಿ, 2006ರ ಏಪ್ರಿಲ್‌ಗೆ ಮೊದಲೇ ಅಧಿಸೂಚನೆ ಹೊರಟು ಆಮೇಲೆ ನೇಮಕವಾದ ಸುಮಾರು 13 ಸಾವಿರ ಮಂದಿಗೆ ಹಳೆ ಪೆನ್ಷನ್ ಒಪ್ಪಿದರು. ಒಳ್ಳೆಯದು. ತಡವಾದದ್ದಕ್ಕೆ ನೌಕರ ಹೊಣೆಯಲ್ಲ ಅಂತ ಸರ್ಕಾರವೇ ಒಪ್ಪಿದಂತಾಯಿತು. ಹಾಗಾದರೆ ಅಧಿಸೂಚನೆಯನ್ನೇ ಹೊರಡಿಸದೆ ಕೂತಿದ್ದ ಬ್ಯಾಕ್‌ಲಾಗ್ ಹುದ್ದೆಗಳ ತಡ ಯಾರ ಲೆಕ್ಕಕ್ಕೆ? ಈ ಪ್ರಶ್ನೆಯನ್ನು ನೌಕರರ ಸಂಘ ಕೇಳದಿದ್ದರೆ ನಾವೇ ಕೇಳಬೇಕಾಗುತ್ತದೆ.

ಇನ್ನು ದೇವಸುಗೂರಿಗೆ ಬನ್ನಿ. 1985ರಲ್ಲಿ ಮೊದಲ ಘಟಕ ಉರಿದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಈಗ ಎಂಟು ಘಟಕ, 1,720 ಮೆಗಾವಾಟಿನದು. ಅಲ್ಲಿ ಕಲ್ಲಿದ್ದಲು, ಬೂದಿ, ಕಸದ ಕೆಲಸಕ್ಕೆ ನಿಲ್ಲುವ ಗುತ್ತಿಗೆ ಕಾರ್ಮಿಕನಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅವನಿಗಿರುವುದು ಪಿಎಫ್ ಕಚೇರಿಯ 1995ರ ಪೆನ್ಷನ್ ಯೋಜನೆ. ಮಾಲೀಕನ ಪಾಲಿನಿಂದ ನೂರಕ್ಕೆ 8.33 ಅದಕ್ಕೆ ಹೋಗುತ್ತದೆ, ಅದೂ 15,000 ರೂಪಾಯಿ ಪಗಾರದ ಮಿತಿಯೊಳಗೆ. ಆ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬಂದದ್ದೇ ಪೆನ್ಷನ್. ಹದಿನೈದು ವರ್ಷ ಬೂದಿ ಕುಡಿದವನಿಗೆ ತಿಂಗಳಿಗೆ 3,214 ರೂಪಾಯಿ. ಹತ್ತು ವರ್ಷ ತುಂಬದಿದ್ದರೆ ಪೆನ್ಷನ್ನೇ ಇಲ್ಲ. 2014ರಲ್ಲಿ ನಿಗದಿಯಾದ ಕನಿಷ್ಠ ಪೆನ್ಷನ್ 1,000 ರೂಪಾಯಿ. ಗುತ್ತೇದಾರ ಬದಲಾದಾಗ ಪಿಎಫ್ ನಂಬರೂ ಬದಲಾಗುತ್ತಿದ್ದ ಕಾಲದ ವರ್ಷಗಳನ್ನು ಯುಎಎನ್‌ಗೆ ಜೋಡಿಸಿಕೊಳ್ಳದಿದ್ದರೆ ಆ ದುಡಿಮೆ ಹೋದಂತೆಯೇ.

ಎಲ್ಲರಿಗಿಂತ ಕೆಳಗೆ ನಮ್ಮ ಅಜ್ಜಿಯರು ಕೂತಿದ್ದಾರೆ. ಹತ್ತಿ ಬಿಡಿಸಿ, ಭತ್ತ ನಾಟಿ ಮಾಡಿ ಸೊಂಟ ಬಿದ್ದವರು. ಅರವತ್ತೈದು ತುಂಬಿದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಎಂಬತ್ತರ ಒಳಗಿನವರಿಗೆ 200 ರೂಪಾಯಿ. ಈ 200 ಯಾವಾಗ ನಿಗದಿಯಾಯಿತು ಗೊತ್ತೇನು? 2006ರಲ್ಲಿ. ನೌಕರನ ಪೆನ್ಷನ್ ಕಿತ್ತುಕೊಂಡ ವರ್ಷವೇ. ಅವತ್ತಿನಿಂದ ಪಗಾರ ಏರಿವೆ, ಶಾಸಕರ ಭತ್ಯೆ ಏರಿವೆ. ಮುದುಕಿಯ 200 ಕದಲಿಲ್ಲ. ಸಂವಿಧಾನದ 41ನೇ ವಿಧಿ ಮುಪ್ಪಿನಲ್ಲಿ ಸರ್ಕಾರದ ನೆರವಿನ ಹಕ್ಕಿನ ಬಗ್ಗೆ ಹೇಳುತ್ತದೆ. 1982ರ ನಾಕರ ಪ್ರಕರಣದಲ್ಲಿ ಪೆನ್ಷನ್ ದಾನವಲ್ಲ, ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದು ಸರ್ಕಾರಿ ನೌಕರರ ಪ್ರಕರಣ. ಹೊಲದಲ್ಲಿ ಮುದಿಯಾದವಳಿಗೆ ಅದೇ ಮಾತು ಯಾಕೆ ಅನ್ವಯಿಸಬಾರದು?

ದವಾಖಾನೆಯ ಕಥೆಯೂ ಬೇರೆಯಲ್ಲ. 2024ರ ಅಕ್ಟೋಬರಿನಿಂದ ಎಪ್ಪತ್ತು ತುಂಬಿದವರಿಗೆಲ್ಲ ಆಯುಷ್ಮಾನ್ ಅಡಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ಕೇಂದ್ರ ಘೋಷಿಸಿತು. ಕಾರ್ಡು ನಡೆಯುವುದು ಹಾಸಿಗೆ ಹಿಡಿದಾಗ. ಬಿಪಿ, ಸಕ್ಕರೆಯ ದಿನದ ಗುಳಿಗೆಗೆ ನಡೆಯುವುದಿಲ್ಲ, ನಮ್ಮ ಮುದುಕರ ಸೆರಗಿನ ಗಂಟು ಕರಗುವುದು ಅಲ್ಲೇ. ಖಾಸಗಿಗೆ ಕೊಟ್ಟರೆ ಎಲ್ಲ ಸುಧಾರಿಸುತ್ತದೆ ಅನ್ನುವವರಿಗೆ ರಾಯಚೂರಿನ ಒಪೆಕ್ ಆಸ್ಪತ್ರೆಯನ್ನು ತೋರಿಸಿ. ಒಪೆಕ್ ನೆರವಿನಿಂದ ಕಟ್ಟಿದ್ದು, ಜಾಗ, ಕಟ್ಟಡ, ನೀರು, ಕರೆಂಟು ಸರ್ಕಾರದ್ದು. ನಡೆಸಲು ಅಪೊಲೊ ಕಂಪನಿಗೆ ಕೊಟ್ಟರು. ಬಡವರಿಗೆ ನೂರಕ್ಕೆ ನಲವತ್ತು ಹಾಸಿಗೆ ಅಂತ ಕರಾರಿತ್ತು. ಮೊದಲ ಮೂರು ವರ್ಷದ ನಷ್ಟವನ್ನು ಸರ್ಕಾರ ತುಂಬಿಕೊಡುವುದು, ಆಮೇಲೆ ಲಾಭದಲ್ಲಿ ಕಂಪನಿಗೆ ಪಾಲು ಅಂತಲೂ ಇತ್ತು. ಹತ್ತು ವರ್ಷದ ಸುಮಾರಿಗೆ ಕಂಪನಿ ಹೋಯಿತು. ಆಸ್ಪತ್ರೆಯ ಭಾರ ಮತ್ತೆ ಸರ್ಕಾರದ ಹೆಗಲಿಗೇ ಬಂತು.

ರೊಕ್ಕ ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಳೆ ಪೆನ್ಷನ್ ಮರಳಿದರೆ ಮುಂದೆ ರಾಜ್ಯಗಳಿಗೆ ಹೊರೆ ಅಂತ ರಿಸರ್ವ್ ಬ್ಯಾಂಕ್ ಎಚ್ಚರಿಸಿದೆ. ಹೊರೆ ನಿಜ. ಆದರೆ ಖಾತ್ರಿ ಕೊಡಲು ಆಗುವುದೇ ಇಲ್ಲ ಅನ್ನುತ್ತಿದ್ದ ಕೇಂದ್ರವೇ 2025ರ ಏಪ್ರಿಲ್ 1ರಿಂದ ಏಕೀಕೃತ ಪೆನ್ಷನ್ ಅಂತ ತಂದು, 25 ವರ್ಷ ದುಡಿದವನಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನು ಖಾತ್ರಿ ಮಾಡಿತು. ಕೂಗಿದ್ದಕ್ಕೆ ಬಂತು. ಕೂಗಿದವರು ಸಂಘವಿದ್ದ ನೌಕರರು. ಸಂಘವಿಲ್ಲದ ಅಜ್ಜಿಗೆ ಏನೂ ಬರಲಿಲ್ಲ.

ಅದಕ್ಕೇ ಹಳೆ ಪೆನ್ಷನ್ ಹೋರಾಟಕ್ಕೆ ನಮ್ಮ ಬೆಂಬಲ ಇದೆ, ಆದರೆ ಷರತ್ತಿನ ಮೇಲೆ. ವೇದಿಕೆಯ ಬೇಡಿಕೆ ಪಟ್ಟಿಯಲ್ಲಿ ಕೇಂದ್ರದ 200 ರೂಪಾಯಿಯೂ ಪಿಎಫ್ ಪೆನ್ಷನ್ನಿನ 1,000 ರೂಪಾಯಿಯೂ ಇರಬೇಕು. ನಾಳೆ ನೌಕರಿ ಹಿಡಿದ ನಮ್ಮವನೇ ತನ್ನ ಪಗಾರದ ಅರ್ಧಕ್ಕೆ ಮಾತ್ರ ಬಾವುಟ ಹಿಡಿದರೆ ಕೇರಿಯ ಜನ ಅವನ ಹಿಂದೆ ಯಾಕೆ ಬರಬೇಕು?

ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಓಣಿಯಲ್ಲಿ ಅರವತ್ತು ದಾಟಿದವರ ಪಟ್ಟಿ ಬರೆಯಿರಿ. ಯಾರಿಗೆ ವೇತನ ಬರುತ್ತದೆ, ಯಾರಿಗೆ ನಿಂತಿದೆ, ಯಾವ ತಿಂಗಳಿಂದ, ನಾಡಕಚೇರಿಯಲ್ಲಿ ಏನಂದರು ಅಂತ ಬರೆದುಕೊಳ್ಳಿ. ಗುತ್ತಿಗೆಗೆ ಹೋಗುವವರ ಯುಎಎನ್ ನಂಬರಿನಲ್ಲಿ ಎಷ್ಟು ವರ್ಷ ಕೂಡಿದೆ, ಹತ್ತು ತುಂಬಿದೆಯೋ ಇಲ್ಲವೋ ನೋಡಿ. ಮೊಬೈಲು ನಿಮ್ಮ ಕೈಯಲ್ಲೇ ಇದೆಯಲ್ಲ. ಪಟ್ಟಿಯನ್ನು ಮುಂದಿನ ಸಭೆಗೆ ತನ್ನಿ.